ದಂಡ ಸೋವಿ, ವಿಮೆ ತುಟ್ಟಿ?



ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಭೀಮೆಯ ಸೇತುವೆಯ ಈಚೆ, ಒಂದು ಚಹಾದ ಅಂಗಡಿಯಲ್ಲಿ ಮೊನ್ನೆ ಕುಳಿತಿದ್ದೆ. ಪಕ್ಕದ ಬಾಕಿನ ಮೇಲೆ ಒಬ್ಬ ತರುಣ, ಒಬ್ಬ ಹಿರಿಯರು ಮಾತಾಡುತ್ತಿದ್ದರು. ಹೊರಗೆ ಬೇವಿನ ಗಿಡದ ನೆರಳಿಗೆ ತರುಣನ ಕಾರು ನಿಂತಿತ್ತು. ಹಳೆಯ ಗಾಡಿ, ಆದರೆ ತೊಳೆದು ಒರೆಸಿ ಚೊಕ್ಕಟ ಇಟ್ಟಿದ್ದ.

"ಕಾಕಾ, ನೀವ ಲೆಕ್ಕಾ ಮಾಡ್ರಿ" ಎನ್ನುತ್ತಿದ್ದ ಆತ. "ಇನ್ಶೂರನ್ಸ್ ತುಂಬಿದ್ರ ವರ್ಷಕ್ಕ ತೆರಿಗಿ ಹಿಡದು ನಾಕು ಸಾವಿರ. ಪೊಲೀಸ್ರು ಹಿಡದ್ರ ದಂಡ ಎರಡು ಸಾವಿರ. ಅದೂ ಹಿಡದ್ರ! ಹ್ವಾದ ವರ್ಷ ಒಮ್ಮಿನೂ ಹಿಡದಿಲ್ಲ. ದಂಡನ ಸೋವಿ ಅಲ್ಲೇನ್ರಿ?"

ಹಿರಿಯರು ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತ, "ಅದೂ ಖರೇನ ಅದ ಬಿಡೋ ತಮ್ಮಾ" ಎಂದರು.

ನಾನು ವಕೀಲಿ ಮಾಡುವವನು. ಅಪಘಾತದ ಪರಿಹಾರದ ಪ್ರಕರಣಗಳಲ್ಲಿಯೇ ನನ್ನ ಬಹಳಷ್ಟು ವರ್ಷಗಳು ಹೋಗಿವೆ. ಆ ಹೊತ್ತಿಗೆ ನಡುವೆ ಬಾಯಿ ಹಾಕುವುದು ಸರಿ ಕಾಣಲಿಲ್ಲ, ಸುಮ್ಮನೆ ಎದ್ದು ಬಂದೆ. ಆದರೆ ಆ ಲೆಕ್ಕ ತಲೆಯೊಳಗೆ ಕೂತುಬಿಟ್ಟಿತು. ಏಕೆಂದರೆ ನಮ್ಮ ಗಡಿಯ ಹಳ್ಳಿಗಳಲ್ಲಿ ಈ ಲೆಕ್ಕ ಹಾಕುವವರು ಆತ ಒಬ್ಬನೇ ಅಲ್ಲ. ಅಂಕಿಗಳಲ್ಲಿ ಆತ ತಪ್ಪಿರಲಿಲ್ಲ. ಆದರೆ ಒಬ್ಬ ಮನುಷ್ಯನನ್ನು ಲೆಕ್ಕದಿಂದ ಬಿಟ್ಟಿದ್ದ. ಬಿಟ್ಟುಹೋದ ಆ ಮನುಷ್ಯನ ವಿಷಯವನ್ನೇ ಇಂದು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ.

ಮೊದಲು ದಂಡದ ಮಾತು ಮುಗಿಸೋಣ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ, ವಿಮೆ ಇಲ್ಲದ ಯಾವ ಮೋಟಾರು ವಾಹನವೂ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ. ಇಳಿಸಿದರೆ ಶಿಕ್ಷೆ ಏನೆಂಬುದು 196ನೇ ಕಲಮಿನಲ್ಲಿದೆ. ಹಿಂದೆ ಈ ದಂಡ ಒಂದು ಸಾವಿರ ರೂಪಾಯಿ ಇತ್ತು. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 2,000 ರೂಪಾಯಿ, ಎರಡನೆಯ ಸಲಕ್ಕೆ 4,000 ರೂಪಾಯಿ ಆಯಿತು. ಅದರ ಜೊತೆಗೆ, ಇಲ್ಲವೆ ಅದರ ಬದಲಿಗೆ, ಮೂರು ತಿಂಗಳವರೆಗಿನ ಸೆರೆವಾಸವನ್ನೂ ಕಾನೂನು ಹೇಳುತ್ತದೆ. ರಸ್ತೆಯ ಮೇಲೆಯೇ ಕಟ್ಟಿ ಮುಗಿಸುವ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರಬಹುದು. ಆದರೆ ಈ ಅಪರಾಧ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಒಂದೇ.

ಈ ಕಲಮಿನಲ್ಲಿ ಜನ ಗಮನಿಸದ ಒಂದು ಮಾತಿದೆ. ಶಿಕ್ಷೆ ಓಡಿಸಿದವನಿಗೆ ಮಾತ್ರ ಅಲ್ಲ, ಓಡಿಸಲು ಬಿಟ್ಟವನಿಗೂ ಉಂಟು. ಅಳಿಯ ಕೇಳಿದ, ಬೀಗರು ಕೇಳಿದರು, ಮದುವೆಯ ಕೆಲಸಕ್ಕೆ ಒಂದು ದಿನ ಕೀಲಿ ಕೊಟ್ಟೆ ಎಂದರೂ ಮಾಲಕನ ಹೊಣೆ ತಪ್ಪುವುದಿಲ್ಲ.

"ಗಡಿ ದಾಟಿದರೆ ಯಾರು ಕೇಳುತ್ತಾರೆ" ಎಂಬ ಕಾಲವೂ ಹೋಯಿತು. ವಾಹನದ ನಂಬರು ಹಾಕಿದರೆ ವಿಮೆಯ ಅವಧಿ ಎಂದಿಗೆ ಮುಗಿದಿದೆ ಎಂಬುದು ಪೊಲೀಸರ ಕೈಯಲ್ಲಿಯ ಯಂತ್ರದ ಮೇಲೆ ಕಾಣುತ್ತದೆ. ಎಂ.ಎಚ್. 13 ನಂಬರಿನ ಗಾಡಿ ಇಂಡಿಯಲ್ಲಿ ಸಿಕ್ಕರೂ, ಕೆ.ಎ. 28 ನಂಬರಿನ ಗಾಡಿ ಜತ್ತದಲ್ಲಿ ಸಿಕ್ಕರೂ ಚಲನ್ನಿನ ಸಂದೇಶ ಮಾಲಕನ ಮೊಬೈಲಿಗೇ ಹೋಗುತ್ತದೆ.

ಆದರೂ, ಬಂಧುಗಳೇ, ಇದೆಲ್ಲ ಸಣ್ಣ ಮಾತು. ಎರಡು ಸಾವಿರ ಕಟ್ಟಿ ಮನೆಗೆ ಬಂದವನು ಪಾರಾದವನೇ. ವಿಮೆ ಇಲ್ಲದೆ ಸಿಕ್ಕಿಬೀಳುವುದು ಎರಡು ಬಗೆ. ಒಂದು, ಪೊಲೀಸರ ಕೈಗೆ ಸಿಕ್ಕಿಬೀಳುವುದು. ಇನ್ನೊಂದು, ಅಪಘಾತದಲ್ಲಿ ಸಿಕ್ಕಿಬೀಳುವುದು. ಆ ತರುಣ ಮೊದಲನೆಯದನ್ನಷ್ಟೇ ಎಣಿಸಿದ್ದ.

ವಿಮೆಯ ಪಾಲಿಸಿಯಲ್ಲಿ 'ಥರ್ಡ್ ಪಾರ್ಟಿ' ಎಂಬ ಮಾತು ಬರುತ್ತದೆ. ಮೂರನೆಯ ಪಕ್ಷದವನು ಎಂದರ್ಥ. ಕರಾರು ಮಾಡಿಕೊಳ್ಳುವವರು ಇಬ್ಬರು. ಒಬ್ಬ ವಾಹನದ ಮಾಲಕ, ಇನ್ನೊಬ್ಬರು ವಿಮಾ ಕಂಪನಿಯವರು. ಮೂರನೆಯವನು ಈ ಕರಾರಿಗೆ ಸಹಿ ಹಾಕಿದವನಲ್ಲ. ಅವನಿಗೆ ಅದು ಗೊತ್ತೂ ಇಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಬೆಳಗಿನ ಮಬ್ಬಿನಲ್ಲಿ ಸೈಕಲ್ಲಿನ ಮೇಲೆ ಹೋಗುವವನು ಅವನು. ಕಬ್ಬು ಕಡಿಯಲು ರಸ್ತೆಯ ಬದಿಗೆ ನಡೆದು ಹೋಗುವ ಹೆಣ್ಣುಮಗಳು, ಶಾಲೆ ಬಿಟ್ಟು ಓಡಿಬರುವ ಹುಡುಗ, ಇವರೆಲ್ಲ ಮೂರನೆಯವರು. ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆಯ ಕಾಲದಿಂದ, ಜಾರಿಯಲ್ಲಿ 1946ರಿಂದ, ಈ ವಿಮೆ ಕಡ್ಡಾಯವಾಗಿ ಬಂದದ್ದು ಇಂಥವರಿಗಾಗಿ. ನಿಮ್ಮ ಗಾಡಿಯ ತಗ್ಗು ತೆಗೆಸುವ, ಬಣ್ಣ ಬಳಿಸುವ ವಿಮೆ ಬೇರೆ. ಅದು ನಿಮ್ಮ ಇಚ್ಛೆಗೆ ಬಿಟ್ಟದ್ದು. ಆದರೆ ಈ ಮೂರನೆಯವನ ವಿಮೆಯನ್ನು ಮಾಡಿಸಲೇಬೇಕು.

ಈಗ ಒಂದು ಲೆಕ್ಕ ಮಾಡೋಣ. ಇದು ನಡೆದ ಘಟನೆಯಲ್ಲ, ತಿಳಿವಳಿಕೆಗೆ ಹೇಳುವ ಉದಾಹರಣೆ. ಜತ್ತದಿಂದ ವಿಜಯಪುರದ ಕಡೆಗೆ ಹೋಗುವ ರಸ್ತೆಯಲ್ಲಿ ವಿಮೆ ಇಲ್ಲದ ಒಂದು ಕಾರು ಒಬ್ಬ ಗೌಂಡಿಗೆ ಬಡಿದು ಅವನು ತೀರಿಹೋದ ಎಂದುಕೊಳ್ಳಿ. ವಯಸ್ಸು 35. ತಿಂಗಳ ದುಡಿಮೆ 12,000 ರೂಪಾಯಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ, ಹೀಗೆ ಅವನನ್ನು ನಂಬಿದವರು ನಾಲ್ವರು.

ಇಂಥ ಸಾವಿಗೆ ಪರಿಹಾರ ಎಷ್ಟು ಎಂಬುದನ್ನು ನ್ಯಾಯಾಧೀಶರು ಮನಸ್ಸಿಗೆ ಬಂದಂತೆ ಹೇಳುವುದಿಲ್ಲ. ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಪ್ರಕರಣದಲ್ಲಿ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟಿದೆ. ಪೆನ್ಸಿಲು ಇದ್ದವರು ಬರೆದುಕೊಳ್ಳಿ.

ತಿಂಗಳಿಗೆ 12,000 ಎಂದರೆ ವರ್ಷಕ್ಕೆ 1,44,000. ಸ್ವಂತ ದುಡಿಮೆಯವನ ವಯಸ್ಸು 40ರ ಒಳಗಿದ್ದರೆ, ಮುಂದೆ ಅವನ ಗಳಿಕೆ ಹೆಚ್ಚುತ್ತಿತ್ತು ಎಂದು ಹಿಡಿದು ನೂರಕ್ಕೆ 40ರಷ್ಟು ಸೇರಿಸುತ್ತಾರೆ. ಆಗ 2,01,600 ಆಗುತ್ತದೆ. ನಂಬಿದವರು ನಾಲ್ವರು ಇರುವುದರಿಂದ, ಅವನ ಸ್ವಂತ ಖರ್ಚೆಂದು ನಾಲ್ಕನೆಯ ಒಂದು ಪಾಲು ಕಳೆಯುತ್ತಾರೆ. ಉಳಿಯುವುದು 1,51,200. ಮನೆಗೆ ವರ್ಷಕ್ಕೆ ಬರುತ್ತಿದ್ದದ್ದು ಇಷ್ಟು. 35ರ ವಯಸ್ಸಿಗೆ ಇದನ್ನು 16ರಿಂದ ಗುಣಿಸುತ್ತಾರೆ. ಗುಣಿಸಿದರೆ 24,19,200 ರೂಪಾಯಿ ಆಗುತ್ತದೆ.

ಇದರ ಮೇಲೆ ಅಂತ್ಯಕ್ರಿಯೆಯ ಖರ್ಚು ಮೊದಲಾದ ಬಾಬುಗಳು ಸೇರುತ್ತವೆ. ಅರ್ಜಿ ಹಾಕಿದ ದಿನದಿಂದ ಬಡ್ಡಿ ಸೇರುತ್ತದೆ. ಅದೆಲ್ಲ ಬಿಟ್ಟು ಬರಿಯ 24,19,200ನ್ನೇ ಹಿಡಿಯೋಣ. 2022ರ ಜೂನ್ 1ರಿಂದ ಜಾರಿಗೆ ಬಂದ ಸರಕಾರಿ ದರಪಟ್ಟಿಯಲ್ಲಿ, ಸಾವಿರದಿಂದ ಒಂದೂವರೆ ಸಾವಿರ ಸಿ.ಸಿ. ಎಂಜಿನ್ನಿನ ಸ್ವಂತ ಕಾರಿಗೆ ಮೂರನೆಯವನ ವಿಮೆಯ ಕಂತು 3,416 ರೂಪಾಯಿ. ತೆರಿಗೆ ಸೇರಿಸಿದರೆ ನಾಲ್ಕು ಸಾವಿರದ ಆಸುಪಾಸು, ಆ ತರುಣ ಹೇಳಿದ್ದು ಸರಿಯೇ. ಈ ಕಂತನ್ನು ಒಬ್ಬ ಮನುಷ್ಯ 600 ವರ್ಷ ಕಟ್ಟಿದರೆ ಒಂದು ಗೌಂಡಿಯ ಮನೆಯ ಪರಿಹಾರದಷ್ಟು ಆಗುತ್ತದೆ. ಮೋಟಾರ್ ಸೈಕಲ್ಲಿನವರ ಕಂತಂತೂ ಅದೇ ಪಟ್ಟಿಯಲ್ಲಿ, 75ರಿಂದ 150 ಸಿ.ಸಿ.ವರೆಗೆ, 714 ರೂಪಾಯಿ. ಆದರೆ ಮೋಟಾರ್ ಸೈಕಲ್ಲು ಬಡಿದು ಸತ್ತವನ ಪರಿಹಾರದ ಲೆಕ್ಕದಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ.

ವಿಮೆ ಚಾಲ್ತಿಯಲ್ಲಿದ್ದರೆ ಈ ಹಣವನ್ನು ಕಂಪನಿ ಕಟ್ಟುತ್ತದೆ. ಇಲ್ಲದಿದ್ದರೆ ಯಾರು ಕಟ್ಟಬೇಕು? ಮಾಲಕನೇ ಕಟ್ಟಬೇಕು. ಹೇಗೆ ವಸೂಲಾಗುತ್ತದೆ ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಗಾಡಿ ಹೋಗುತ್ತದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮದ ಪ್ರಕಾರ, ಜೀವ ತೆಗೆದ ಇಲ್ಲವೆ ಗಾಯ ಮಾಡಿದ ವಾಹನಕ್ಕೆ ವಿಮೆ ಇಲ್ಲದಿದ್ದರೆ, ಮಾಲಕ ತಕ್ಕಷ್ಟು ಜಾಮೀನು ಒದಗಿಸುವವರೆಗೆ ನ್ಯಾಯಾಲಯ ಅದನ್ನು ಬಿಡುವಂತಿಲ್ಲ. ಮೂರು ತಿಂಗಳಾದರೂ ಒದಗಿಸದಿದ್ದರೆ ಗಾಡಿ ಲಿಲಾವಿಗೆ ಹೋಗುತ್ತದೆ. ಬಂದ ಹಣ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಜಮಾ ಆಗುತ್ತದೆ. ಹಳೆಯ ಗಾಡಿಗೆ ಲಿಲಾವಿನಲ್ಲಿ ಎಷ್ಟು ಬಂದೀತು ಎಂಬುದನ್ನು ನೀವೇ ಬಲ್ಲಿರಿ.

ಉಳಿದದ್ದು ಎಲ್ಲಿಂದ ಬರಬೇಕು? ಅದಕ್ಕೆ ಅದೇ ಕಾಯ್ದೆಯ 174ನೇ ಕಲಮು ಇದೆ. ನ್ಯಾಯಮಂಡಳಿ ಜಿಲ್ಲಾಧಿಕಾರಿಗಳಿಗೆ ಒಂದು ಪ್ರಮಾಣಪತ್ರ ಕೊಡುತ್ತದೆ. ಜಿಲ್ಲಾಧಿಕಾರಿಗಳು ಆ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುತ್ತಾರೆ. ಹೊಲ ಇದ್ದವರಿಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಾಗಿಲ್ಲ. ತಹಸೀಲ ಕಚೇರಿಯಿಂದ ನೋಟೀಸು ಬರುತ್ತದೆ, ತಲಾಠಿಯ ಚಾವಡಿಗೆ ಕಾಗದ ಬರುತ್ತದೆ, ಸಾತಬಾರಾ ಉತಾರದ ಮೇಲೆ ಬೋಜಾ ಏರುತ್ತದೆ. ಕರ್ನಾಟಕದ ಕಡೆಯವರಾದರೆ ಪಹಣಿಯ ಮೇಲೆ ಏರುತ್ತದೆ. ಬೋಜಾ ಏರಿದ ಹೊಲದ ಮೇಲೆ ಸೊಸಾಯಿಟಿಯ ಸಾಲ ಹುಟ್ಟುವುದು ಕಷ್ಟ. ಮಗಳ ಮದುವೆಗೆ ಅರ್ಧ ಎಕರೆ ಮಾರಬೇಕೆಂದರೆ ಕೊಳ್ಳುವವನು ಹಿಂದೆ ಸರಿಯುತ್ತಾನೆ. ಆಮೇಲೂ ಕಟ್ಟದಿದ್ದರೆ ಜಪ್ತಿ, ಲಿಲಾವು.

"ನನ್ನ ಹೊಲ ಗಡಿಯ ಆಚೆ ಅದ, ಇಲ್ಲಿಯ ಕೋರ್ಟಿನ ಕಾಗದ ಅಲ್ಲಿ ನಡಿಯೂದಿಲ್ಲ" ಎನ್ನುವವರಿದ್ದಾರೆ. ಅದು ತಪ್ಪು ತಿಳಿವಳಿಕೆ. ಇಂಗ್ಲಿಷರ ಕಾಲದ 1890ರ ಕಂದಾಯ ವಸೂಲಿ ಕಾಯ್ದೆ ಇಂದಿಗೂ ಜೀವಂತವಿದೆ. ಒಂದು ಜಿಲ್ಲೆಯ ಕಲೆಕ್ಟರರು ಇನ್ನೊಂದು ಜಿಲ್ಲೆಯ ಕಲೆಕ್ಟರರಿಗೆ ಪ್ರಮಾಣಪತ್ರ ಕಳಿಸಿದರೆ ಅಲ್ಲಿಯ ಆಸ್ತಿಯಿಂದ ವಸೂಲಾಗುತ್ತದೆ, ಆ ಜಿಲ್ಲೆ ಬೇರೆ ರಾಜ್ಯದಲ್ಲಿದ್ದರೂ ಸರಿಯೇ. ಮಾಲಕ ತೀರಿಹೋದನೆಂದೂ ಸಾಲ ತೀರುವುದಿಲ್ಲ. ಮಕ್ಕಳಿಗೆ ಬಂದ ಆಸ್ತಿಯ ಮಟ್ಟಿಗೆ ಅದು ಹಿಂಬಾಲಿಸುತ್ತದೆ.

ಇನ್ನು ಪೊಲೀಸ್ ಪ್ರಕರಣ ಬೇರೆ. ನಿರ್ಲಕ್ಷ್ಯದಿಂದ ಸಾವು ತಂದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನ ಪ್ರಕಾರ ಐದು ವರ್ಷಗಳವರೆಗೆ ಶಿಕ್ಷೆ ಆಗಬಹುದು. ವಿಮೆ ಇದ್ದರೂ ಈ ಪ್ರಕರಣ ತಪ್ಪುವುದಿಲ್ಲ. ಆದರೆ ವಿಮೆ ಇದ್ದವನು ಹೊಲ ಉಳಿಸಿಕೊಂಡು ಕೋರ್ಟಿಗೆ ಅಲೆಯುತ್ತಾನೆ, ಇಲ್ಲದವನು ಹೊಲ ಕಳೆದುಕೊಂಡು ಅಲೆಯುತ್ತಾನೆ.

ಇಷ್ಟು ಹೊತ್ತು ಮಾಲಕನ ಗೋಳು ಹೇಳಿದೆ. ಆ ಇನ್ನೊಂದು ಮನೆಯ ಮಾತು ಹೇಳದಿದ್ದರೆ ನಾನೂ ಆ ತರುಣನಂತೆಯೇ ಲೆಕ್ಕ ಹಾಕಿದಂತಾಗುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ನನ್ನ ಕಚೇರಿಗೆ ಬಂದಿದ್ದಳು. ಊರು, ಹೆಸರು ಬೇಡ. ಮಗ ರಸ್ತೆಯ ಮೇಲೆ ಹೋಗಿದ್ದ. ಪ್ರಕರಣವನ್ನು ಬೇರೆ ವಕೀಲರು ನಡೆಸಿದ್ದರು, ಆಕೆಯ ಕಡೆಗೇ ತೀರ್ಪಾಗಿತ್ತು. ತೀರ್ಪಿನ ನಕಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಬಿಚ್ಚಿ ನನ್ನ ಮೇಜಿನ ಮೇಲಿಟ್ಟು ಒಂದೇ ಮಾತು ಕೇಳಿದಳು.

"ಇದನ್ನ ಎಲ್ಲಿ ಕೊಟ್ರ ರೊಕ್ಕಾ ಕೊಡ್ತಾರ್ರೀ ಸಾಹೇಬ್ರ?"

ನಾನು ಓದಿ ನೋಡಿದೆ. ಗಾಡಿಗೆ ವಿಮೆ ಇರಲಿಲ್ಲ. ಹನ್ನೊಂದು ದಿನ ಹಿಂದೆ ಮುಗಿದಿತ್ತು. ಮಾಲಕನೇ ಕಟ್ಟಬೇಕೆಂದು ಆದೇಶವಾಗಿತ್ತು. ಮಾಲಕನ ಹೆಸರಿಗೆ ಒಂದೂವರೆ ಎಕರೆ ಮಡ್ಡಿ ಹೊಲ, ಅದರ ಮೇಲೆ ಮೊದಲೇ ಸೊಸಾಯಿಟಿಯ ಸಾಲ. ವಸೂಲಿಯ ಅರ್ಜಿ ಹಾಕಿದೆವು. ವರ್ಷಗಳು ಹೋದವು. ಆತ ಎತ್ತು ಮಾರಿದ, ಹೆಂಡತಿಯ ಕೊರಳಿನದು ಮಾರಿದ, ತುಸುತುಸುವೇ ಕಟ್ಟಿದ. ಆದೇಶದಲ್ಲಿದ್ದ ಮೊತ್ತದ ಕಾಲುಭಾಗವೂ ಆಕೆಗೆ ಮುಟ್ಟಲಿಲ್ಲ. ಇಬ್ಬರೂ ಒಂದೇ ಜಾತ್ರೆಗೆ ಕಾಯಿ ಒಡೆಸುವ ಊರುಗಳವರು. ಆ ಮಾಲಕ ಕೆಟ್ಟ ಮನುಷ್ಯನಲ್ಲ. "ಸುಗ್ಗಿ ಆದ ಮ್ಯಾಲ ತುಂಬಿದ್ರಾತು" ಎಂದು ಹನ್ನೊಂದು ದಿನ ತಡ ಮಾಡಿದವನು, ಅಷ್ಟೇ. ಆದರೆ ಆ ಹನ್ನೊಂದು ದಿನ ಎರಡು ಮನೆಗಳನ್ನು ಮುಗಿಸಿದವು.

ಗಾಡಿ ಸಿಗದೆ ಓಡಿಹೋದ ಪ್ರಕರಣಗಳಲ್ಲಿ ಸರಕಾರದ ಯೋಜನೆಯಿಂದ ಸಾವಿಗೆ 2 ಲಕ್ಷ, ದೊಡ್ಡ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಅದು ಯಾವ ಗಾಡಿ ಎಂದು ಗೊತ್ತಾಗದೆ ಇದ್ದಾಗ ಮಾತ್ರ. ಗಾಡಿ ಸಿಕ್ಕಿ, ಮಾಲಕ ಸಿಕ್ಕಿ, ವಿಮೆ ಇಲ್ಲ ಎಂದಾದರೆ ಆ ತಾಯಿ ಮಾಲಕನ ಹೊಲವನ್ನೇ ನೋಡಬೇಕು.

ಈಗ ಇನ್ನೊಂದು ಮುಖ್ಯ ಸಂಗತಿ. ಕೆಲವರ ಹತ್ತಿರ ಪಾಲಿಸಿಯ ಕಾಗದ ಇರುತ್ತದೆ, ಆದರೂ ವಿಮೆ ಇಲ್ಲದಂತೆಯೇ ಆಗುತ್ತದೆ. ನಮ್ಮ ಗಡಿಭಾಗದಲ್ಲಿ ಹೆಚ್ಚಾಗಿ ಕಾಣುವ ಐದು ತಪ್ಪುಗಳನ್ನು ಹೇಳುತ್ತೇನೆ.

ಒಂದು, ಅವಧಿಯದು. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಮೂರನೆಯವನ ವಿಮೆಯನ್ನು ಕೊಳ್ಳುವಾಗಲೇ ಮಾಡಿಸಬೇಕೆಂದು ಆಯಿತು. ಒಳ್ಳೆಯದೇ ಆಯಿತು, ಆದರೆ ವರ್ಷವರ್ಷವೂ ತುಂಬುವ ರೂಢಿ ತಪ್ಪಿತು. ಐದು ವರ್ಷದ ಮೇಲೆ ಯಾರಿಗೆ ನೆನಪಿರುತ್ತದೆ? 2020ರಲ್ಲಿ ಕೊಂಡ ಮೋಟಾರ್ ಸೈಕಲ್ಲಿನ ಆ ವಿಮೆ 2025ಕ್ಕೆ ಮುಗಿದಿದೆ. ಮನೆಗೆ ಹೋಗಿ ಕಾಗದ ತೆಗೆದು ನೋಡಿ. ಪಾಲಿಸಿ ಇಂಗ್ಲಿಷಿನಲ್ಲಿರುತ್ತದೆ. ನಮ್ಮ ಜನ ಮರಾಠಿ ಓದುತ್ತಾರೆ, ಕನ್ನಡ ಓದುತ್ತಾರೆ, ಇಂಗ್ಲಿಷ್ ಕಂಡರೆ ಮಡಿಚಿ ಇಡುತ್ತಾರೆ. ಮಕ್ಕಳ ಕೈಯಲ್ಲಿ ಕೊಟ್ಟು 'ಪೀರಿಯಡ್ ಆಫ್ ಇನ್ಶೂರನ್ಸ್' ಎಂಬ ಸಾಲನ್ನು ಓದಿಸಿರಿ. ಅದರಲ್ಲಿ ತಾರೀಖು ಅಷ್ಟೇ ಅಲ್ಲ, ಗಂಟೆಯೂ ಇರುತ್ತದೆ. ಬೆಳಿಗ್ಗೆ ಅಪಘಾತವಾಗಿ ಮಧ್ಯಾಹ್ನ ಪಾಲಿಸಿ ಮಾಡಿಸಿದರೆ ಅದು ಬೆಳಗಿನ ಅಪಘಾತಕ್ಕೆ ಬರುವುದಿಲ್ಲ.

ಎರಡು, ಮಾರಾಟದ್ದು. ಸೊಲ್ಲಾಪುರದ ಗಾಡಿಯನ್ನು ಆಳಂದದವರು ಕೊಳ್ಳುತ್ತಾರೆ, ವಿಜಯಪುರದ ಗಾಡಿಯನ್ನು ಜತ್ತದವರು ಕೊಳ್ಳುತ್ತಾರೆ. ನೂರು ರೂಪಾಯಿಯ ಬಾಂಡ್ ಮೇಲೆ ಸಹಿ, ಕೈಗೆ ಕೈ ರೊಕ್ಕ, ಕೀಲಿ ಕೊಟ್ಟರೆ ಮುಗಿಯಿತು. ಆರ್.ಸಿ. ಬುಕ್ಕಿನಲ್ಲಿ ಹೆಸರು ಮಾತ್ರ ಹಳೆಯದೇ. ಕೊಂಡವನು ವಿಮೆ ತುಂಬದೆ ಓಡಿಸಿ ಅಪಘಾತ ಮಾಡಿದರೆ ನೋಟೀಸು ಮಾರಿದವನ ಮನೆಗೆ ಬರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಕಾನೂನಿನ ಕಣ್ಣಿಗೆ ಮಾಲಕ ಎಂದು. ಆದ್ದರಿಂದ ಮಾರಿದವರು ಹೆಸರು ಬದಲಾಗುವವರೆಗೆ ಬೆನ್ನು ಬಿಡಬಾರದು. ಕೊಂಡವರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಬೇರೆ ರಾಜ್ಯದ ನಂಬರಿನ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ತೆಗೆದುಕೊಳ್ಳಬೇಕೆಂಬ ನಿಯಮವನ್ನೂ ನೆನಪಿಡಿ.

ಮೂರು, ಟ್ರ್ಯಾಕ್ಟರಿನದು. ಗುಡ್ಡಾಪುರದ ದಾನಮ್ಮನ ಜಾತ್ರೆಗೆ, ಗಾಣಗಾಪುರಕ್ಕೆ, ಮದುವೆಯ ದಿಬ್ಬಣಕ್ಕೆ ಟ್ರೇಲರಿನಲ್ಲಿ ಮಂದಿಯನ್ನು ಹೇರಿಕೊಂಡು ಹೋಗುತ್ತೇವೆ. ಟ್ರೇಲರು ಇರುವುದು ಸಾಮಾನು ಸಾಗಿಸಲು. ಸರಕಿನ ವಾಹನದಲ್ಲಿ ಹಾಗೆ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿಯೇ ತೀರ್ಪು ಕೊಟ್ಟಿದೆ. ಪಾಲಿಸಿ ಪೆಟ್ಟಿಗೆಯಲ್ಲಿ ಇದ್ದರೂ ಆ ಇಪ್ಪತ್ತು ಮಂದಿಯ ಹೊಣೆ ಟ್ರ್ಯಾಕ್ಟರಿನ ಮಾಲಕನ ತಲೆಯ ಮೇಲೆಯೇ ಬರುತ್ತದೆ.

ನಾಲ್ಕು, ಚಾಲಕನದು. ಲೈಸನ್ಸ್ ಇಲ್ಲದವನ ಕೈಯಲ್ಲಿ ಗಾಡಿ ಕೊಟ್ಟರೆ, ಇಲ್ಲವೆ ಬಿಳಿ ನಂಬರಿನ ಸ್ವಂತ ಗಾಡಿಯನ್ನು ಬಾಡಿಗೆಗೆ ಓಡಿಸಿದರೆ, ಪಾಲಿಸಿಯ ಷರತ್ತು ಮುರಿದಂತೆ. ಇಂಥಲ್ಲಿ ಎಷ್ಟೋ ಸಲ ನ್ಯಾಯಮಂಡಳಿ ಮೊದಲು ಕಂಪನಿಯಿಂದ ಪರಿಹಾರ ಕೊಡಿಸಿ, ಆಮೇಲೆ ಆ ಹಣವನ್ನು ಮಾಲಕನಿಂದ ವಸೂಲು ಮಾಡಿಕೊಳ್ಳಲು ಕಂಪನಿಗೆ ಹಕ್ಕು ಕೊಡುತ್ತದೆ. ಸತ್ತವನ ಮನೆಗೆ ಹಣ ಮುಟ್ಟುತ್ತದೆ, ಮಾಲಕನ ಹೊಲ ಮಾತ್ರ ಉಳಿಯುವುದಿಲ್ಲ.

ಐದು, ಕಂತಿನದು. ಚೆಕ್ಕು ಕೊಟ್ಟು, ಅದು ಹಣವಿಲ್ಲದೆ ಮರಳಿಬಂದರೆ ಕಂಪನಿ ಪಾಲಿಸಿಯನ್ನು ರದ್ದು ಮಾಡಬಹುದು. ಯಾರದೋ ಕೈಯಲ್ಲಿ ರೊಕ್ಕ ಕೊಟ್ಟು, ಅವರು ಕೊಟ್ಟ ಛಾಪಾ ಹಾಳೆಯನ್ನೇ ನಂಬಿ ಕೂಡಬೇಡಿ. ಡಿಜಿಲಾಕರಿನಲ್ಲಿ ಇಲ್ಲವೆ ಎಂ-ಪರಿವಾಹನದಲ್ಲಿ ನಿಮ್ಮ ಗಾಡಿಯ ನಂಬರು ಹಾಕಿ ನೋಡಿದರೆ ವಿಮೆ ಎಂದಿನವರೆಗೆ ಇದೆ ಎಂದು ತೋರಿಸುತ್ತದೆ. ರಸ್ತೆಯ ಮೇಲೆ ಪೊಲೀಸರಿಗೆ ಇದನ್ನೇ ತೋರಿಸಿದರೂ ನಡೆಯುತ್ತದೆ. ಮೂಲ ಕಾಗದ ಹೊತ್ತು ತಿರುಗಬೇಕಾಗಿಲ್ಲ.

ಕೊನೆಗೆ, ಅಪಘಾತ ಆಗಿಹೋದರೆ ಏನು ಮಾಡಬೇಕು? ವಿಮೆ ಇಲ್ಲದವನ ಮನಸ್ಸಿಗೆ ಮೊದಲು ಬರುವುದು ಓಡಿಹೋಗಬೇಕೆಂಬ ವಿಚಾರ. ಓಡಬೇಡಿ. ಗಾಯಗೊಂಡವರನ್ನು ದವಾಖಾನೆಗೆ ಮುಟ್ಟಿಸುವುದು, 24 ಗಂಟೆಗಳೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯವೆಂದು ಕಾನೂನು ಹೇಳುತ್ತದೆ. ದವಾಖಾನೆಯ ಖರ್ಚಿಗೆ ಹೆದರಬೇಕಾಗಿಲ್ಲ. ಕೇಂದ್ರ ಸರಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯವರೆಗೆ, ಮುಂಗಡ ಕಟ್ಟದೆ ಉಪಚಾರ ಸಿಗಬೇಕು. ಸುಳ್ಳು ಚಾಲಕನನ್ನು ನಿಲ್ಲಿಸುವುದು, ವಿಮೆ ಇದ್ದ ಬೇರೆ ಗಾಡಿಯ ನಂಬರು ಬರೆಸುವುದು, ಇಂಥ ಬುದ್ಧಿ ಹೇಳುವವರು ಆ ಹೊತ್ತಿಗೆ ಬಹಳ ಮಂದಿ ಸೇರುತ್ತಾರೆ. ಕೇಳಬೇಡಿ. ಅದರಿಂದ ಒಂದು ಪ್ರಕರಣ ಇದ್ದದ್ದು ಎರಡಾಗುತ್ತದೆ.

ನೊಂದ ಮನೆಯವರಿಗೂ ಒಂದು ಮಾತು. ಅಪಘಾತ ಜತ್ತದ ಹದ್ದಿನಲ್ಲಿ ಆಗಿ, ನಿಮ್ಮ ಮನೆ ಇಂಡಿಯ ಕಡೆ ಇದ್ದರೆ, ಮಹಾರಾಷ್ಟ್ರದ ಕೋರ್ಟಿಗೇ ಅಲೆಯಬೇಕೆಂದಿಲ್ಲ. 166ನೇ ಕಲಮಿನ ಪ್ರಕಾರ ಅಪಘಾತವಾದ ಕಡೆಗೂ ಅರ್ಜಿ ಹಾಕಬಹುದು, ನೀವು ವಾಸವಾಗಿರುವ ಕಡೆಗೂ ಹಾಕಬಹುದು. ಕಾಯ್ದೆಯಲ್ಲಿ ಆರು ತಿಂಗಳ ಗಡುವು 2022ರಿಂದ ಮತ್ತೆ ಬಂದಿದೆ. ಆದ್ದರಿಂದ ದಿನಕರ್ಮ ಮುಗಿದ ಕೂಡಲೇ ಕಾಗದಪತ್ರಗಳ ಕಡೆಗೆ ಲಕ್ಷ್ಯ ಕೊಡಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಉತ್ಪನ್ನ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಬಿಟ್ಟಿ ವಕೀಲರು ಸಿಗುತ್ತಾರೆ. ತಾಲೂಕಿನ ಕೋರ್ಟಿನಲ್ಲಿ ಹೋಗಿ ಕೇಳಿದರೆ ದಾರಿ ತೋರಿಸುತ್ತಾರೆ.

ಚಹಾದ ಅಂಗಡಿಯ ಆ ತರುಣ ಈ ಮಾತನ್ನು ಕೇಳುತ್ತಿದ್ದಾನೋ ಇಲ್ಲವೋ ಗೊತ್ತಿಲ್ಲ. ಕೇಳುತ್ತಿದ್ದರೆ ಅವನಿಗೆ ಹೇಳುವುದು ಇಷ್ಟೇ. ತಮ್ಮಾ, ನಿನ್ನ ನಾಲ್ಕು ಸಾವಿರವನ್ನು ಎರಡು ಸಾವಿರದ ದಂಡದೊಡನೆ ತೂಗಬೇಡ. ಒಂದು ತಕ್ಕಡಿಯಲ್ಲಿ ನಿನ್ನ ನಾಲ್ಕು ಸಾವಿರ ಇಡು. ಇನ್ನೊಂದರಲ್ಲಿ ನಿಮ್ಮಪ್ಪ ನಿನಗೆ ಬಿಟ್ಟುಕೊಟ್ಟ ಹೊಲದ ಸಾತಬಾರಾ ಉತಾರ ಇಡು. ಅದರ ಪಕ್ಕಕ್ಕೆ ಆ ತಾಯಿ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಕಾಗದವನ್ನೂ ಇಡು. ಆಮೇಲೆ ಯಾವುದು ಸೋವಿ, ಯಾವುದು ತುಟ್ಟಿ ಎಂದು ಕಾಕಾನನ್ನು ಮತ್ತೊಮ್ಮೆ ಕೇಳು.

ಬಂಧುಗಳೇ, ಇಂದು ರಾತ್ರಿ ಊಟಕ್ಕೆ ಕೂಡುವ ಮೊದಲು ನಿಮ್ಮ ಮನೆಯ ಗಾಡಿಯ ಪಾಲಿಸಿಯನ್ನು ಒಮ್ಮೆ ತೆಗೆದು ತಾರೀಖು ನೋಡಿ. ಮುಗಿದಿದ್ದರೆ, ತುಂಬುವವರೆಗೆ ಕೀಲಿಯನ್ನು ಗೂಟಕ್ಕೇ ಇರಗೊಡಿ.